ಮಾವನವರ ಹೆರಾಲ್ಡ್ ಕಾರು

ಸೋದರಿಯರೇ, ಮಾವಿನಕಾಯಿ ಗುಳಂಬದ ಅಳತೆ ಈ ಸಲ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಮುಂದಿನ ಸಂಚಿಕೆಗೆ ಹೋಯಿತು, ಬೇಸರ ಮಾಡಿಕೊಳ್ಳಬೇಡಿ. ಈ ಹದಿನೈದು ದಿನ ನಮ್ಮ ಮನೆಯಲ್ಲಿ ಒಲೆಗಿಂತ ಹೆಚ್ಚು ಕಾವೇರಿದ್ದು ಒಂದು ಹಳೆಯ ಕಾರಿನ ಮಾತು. "ಕಾರಿನ ಸುದ್ದಿ ಗಂಡಸರಿಗಾತು, ನಮಗ್ಯಾಕ್ರೀ" ಎಂದು ಪುಟ ತಿರುವಬೇಡಿ. ನಾನೂ ಹಾಗೇ ಅಂದುಕೊಂಡವಳೇ.

ನಾವಿರುವುದು ಬೆಳಗಾವಿಯ ಶಹಾಪುರದಲ್ಲಿ. ಅತ್ತೆಯ ಮನೆ ಖಾನಾಪುರ. ನಮ್ಮ ಮಾವನವರು ತೀರಿಕೊಂಡು ಈಗ ಒಂದೂವರೆ ವರ್ಷ. ಹಿತ್ತಿಲ ಪತ್ರಾಸಿನ ಶೆಡ್ಡಿನಲ್ಲಿ, ತಾಡಪತ್ರಿ ಹೊದ್ದುಕೊಂಡು ಅವರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ನಿಂತಿದೆ. 1979ರಲ್ಲಿ ಒಬ್ಬ ಸಾಹೇಬರ ಕಡೆಯಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಎರಡೇ ಬಾಗಿಲು, ಹಾಲಿನ ಬಣ್ಣ. ನಾನು ಮದುವೆಯಾಗಿ ಬಂದಾಗ ಮನೆ ತುಂಬಿಸಿಕೊಂಡದ್ದು ಇದೇ ಗಾಡಿಯಲ್ಲಿ. ಹಿಂದಿನ ಸೀಟಿಗೆ ಹೋಗಲು ಮುಂದಿನ ಸೀಟು ಮಡಚಿ, ಸೀರೆ ಎತ್ತಿ ನುಸುಳಬೇಕು. ಮದುಮಗಳಿಗೆ ಆ ಫಜೀತಿ ಬೇಕಿತ್ತೇ ಎಂದು ಅಂದು ಒಳಗೊಳಗೇ ಬೈದುಕೊಂಡಿದ್ದೆ.

ಈಗ ಖಾನಾಪುರದ ಮನೆಯ ಮಾಡು ಸೋರುತ್ತಿದೆ. ಅಲ್ಲಿನ ಮಳೆ ನಿಮಗೆ ಗೊತ್ತಲ್ಲ, ಒಮ್ಮೆ ಹಿಡಿದರೆ ಬಿಡುವುದಲ್ಲ. ಹೆಂಚು ತೆಗೆಸಿ, ರೀಪು ಬದಲಾಯಿಸಬೇಕು, ಅದಕ್ಕೆ ದುಡ್ಡು ಬೇಕು. ನಮ್ಮ ಮೈದುನ ನೇರ ಮಾತಿನವನು: "ವೈನಿ, ಹತ್ತ ವರ್ಷಾತು ಗಾಡಿ ಚಾಲೂ ಆಗಿಲ್ಲ. ಭಂಗಾರಕ್ಕ ಹಾಕೂಣು. ತೂಕದ ಮ್ಯಾಲೆ ತೊಗೊಳ್ಳಾವ್ರು ಬಂದಾರ." ನಮ್ಮ ಕಡೆ ಗುಜರಿಗೆ ಭಂಗಾರ ಅನ್ನುತ್ತಾರೆ. ಅತ್ತೆಗೆ ಕಿವಿ ಸ್ವಲ್ಪ ಮಂದ. "ಬಂಗಾರ ಯಾಕ ಮಾರತೀರೋ?" ಎಂದು ಗಾಬರಿಯಾದರು. ನಕ್ಕೆವು, ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗನದು ಇನ್ನೊಂದೇ ರಾಗ. ಮಾರುವುದು ಬೇಡ, ಸ್ಪೋರ್ಟ್ಸ್ ಕಾರು ಮಾಡಿಸೋಣ! ಕೆಂಪು ಬಣ್ಣ, ಅಗಲ ಟೈರು, ಹಿಂದೆ ಡಿಕ್ಕಿಯ ಮೇಲೆ ಒಂದು ದೊಡ್ಡ ರೆಕ್ಕೆ. ರೆಕ್ಕೆಯನ್ನಂತೂ ನಮಗ್ಯಾರಿಗೂ ಹೇಳದೆ ತರಿಸಿಯೇ ಬಿಟ್ಟಿದ್ದ. ಅದನ್ನು ಹಿಡಿದು ತೋರಿಸಿದಾಗ ಅತ್ತೆ ಕೇಳಿದರು, "ಇದ ಹಚ್ಚಿದರ ಚಂದ ಆಗತೈತೇನ ತಂಗಿ?" ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಚೆಂದ ಎಂದರೆ ಯಾವುದು? ಸೀರೆಯಾದರೆ ಹೇಳಿಬಿಡುತ್ತಿದ್ದೆ.

ಅಂದು ರಾತ್ರಿ ಮಗನನ್ನು ಕೂಡಿಸಿಕೊಂಡು, "ನೀ ಅನ್ನೋ ಆ ಸ್ಪೋರ್ಟ್ಸ್ ಕಾರ್ ತೋರಸು, ನೋಡೂಣು" ಎಂದೆ. ಮೊಬೈಲಿನಲ್ಲಿ ಒಂದೊಂದೇ ಚಿತ್ರ ತೋರಿಸಿದ. ಟ್ರಯಂಫ್ ಸ್ಪಿಟ್‌ಫೈರ್ ಎಂಬ 1962ರ ಇಂಗ್ಲೆಂಡಿನ ಪುಟ್ಟ ಕಾರು ಬಂದಾಗ ನಾನು "ನಿಲ್ಲಸು" ಎಂದೆ. ದೀಪದ ಮೇಲೆ ಹುಬ್ಬಿನಂತೆ ಮುಂದಕ್ಕೆ ಚಾಚಿದ ಆ ಅಂಚು, ನಮ್ಮ ಮಾವನವರ ಗಾಡಿಯದೇ! ಹುಡುಕಿದರೆ ನಿಜಕ್ಕೂ ರಕ್ತಸಂಬಂಧ. 1959ರ ಟ್ರಯಂಫ್ ಹೆರಾಲ್ಡನ್ನೂ, ಈ ಸ್ಪಿಟ್‌ಫೈರನ್ನೂ ರೂಪಿಸಿದವನು ಒಬ್ಬನೇ, ಇಟಲಿಯ ಟ್ಯೂರಿನ್ ಊರಿನ ಜಿಯೊವಾನ್ನಿ ಮಿಕೆಲೊಟ್ಟಿ. ಹೆರಾಲ್ಡಿನ ಚಾಸಿಯನ್ನೇ ಮೋಟು ಮಾಡಿ ಸ್ಪಿಟ್‌ಫೈರ್ ಕಟ್ಟಿದರು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಹೆರಾಲ್ಡಿಗೆ ತೊಂಬತ್ತೊಂದೂವರೆ ಇಂಚು, ಸ್ಪಿಟ್‌ಫೈರಿಗೆ 83. ಸುಮಾರು ಒಂದು ಗೇಣು ಕಡಿಮೆ, ಅಷ್ಟೇ. 1961ರಿಂದ 1971ರವರೆಗೆ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದೇ ಹೆರಾಲ್ಡನ್ನು ನಮ್ಮ ದೇಶದಲ್ಲಿ ಮಾಡಿತು. ಅಂಬಾಸಿಡರ್, ಫಿಯೆಟ್ ಬಿಟ್ಟರೆ ಆಗ ಜನರ ಕಣ್ಣಿಗೆ ಬೀಳುತ್ತಿದ್ದ ಮೂರನೆಯ ಕಾರು ಇದೇ. ನಾನು ಸೀರೆ ಎತ್ತಿ ನುಸುಳಿದ್ದು ಒಬ್ಬ ಸ್ಪೋರ್ಟ್ಸ್ ಕಾರಿನ ದೊಡ್ಡಕ್ಕನೊಳಗೆ ಎಂದು ಇಷ್ಟು ವರ್ಷದ ಮೇಲೆ ತಿಳಿಯಿತು.

ಆ ಒಂದು ಗೇಣು ಎಷ್ಟೆಲ್ಲ ಬದಲಿಸಿದೆ ನೋಡಿ. ಹೆರಾಲ್ಡ್ ನೆಟ್ಟಗೆ ಕುಳಿತ ಗೃಹಸ್ಥ. ಸ್ಪಿಟ್‌ಫೈರ್ ನೆಲಕ್ಕೆ ಅಂಟಿಕೊಂಡಂತಿದೆ, ಮೂಗು ಉದ್ದ, ಬಾಲ ಗಿಡ್ಡ, ಕೂಡುವವರು ಇಬ್ಬರೇ, ಅವರೂ ಹಿಂದಿನ ಗಾಲಿಯ ಹತ್ತಿರ. ಹಳೆಯ ಸ್ಪೋರ್ಟ್ಸ್ ಕಾರುಗಳು ಬಹಳಷ್ಟು ಹೀಗೇ. ಶೋಕಿಗಲ್ಲ ಅದು. ಮುಂದೆ ಉದ್ದನೆಯ ಇಂಜಿನ್ ಮಲಗಬೇಕು, ಭಾರ ಎರಡೂ ಕಡೆ ಸರಿಯಾಗಿ ಹಂಚಬೇಕು, ತಿರುವಿನಲ್ಲಿ ವಾಲಬಾರದೆಂದರೆ ಮೈ ತಗ್ಗಿನಲ್ಲಿರಬೇಕು. 1961ರಲ್ಲಿ ಜಿನೀವಾದಲ್ಲಿ ತೋರಿಸಿದ ಜಾಗ್ವಾರ್ ಇ-ಟೈಪ್ ಎಂಬ ಕಾರನ್ನು ಬಹಳ ಮಂದಿ ಜಗತ್ತಿನ ಅತಿ ಚೆಲುವಿನ ಕಾರು ಅನ್ನುತ್ತಾರೆ. ಅದರ ಮೈಯನ್ನು ರೂಪಿಸಿದ ಮಾಲ್ಕಮ್ ಸೇಯರ್ ಮೊದಲು ವಿಮಾನದ ಕಂಪನಿಯಲ್ಲಿದ್ದವನು. ಗಾಳಿ ಹೇಗೆ ಜಾರಿ ಹೋಗಬೇಕು ಎಂದು ಗಣಿತ ಹಾಕಿ ಹಾಕಿ ಗೆರೆ ಎಳೆದನಂತೆ. ಆ ಕಾರು 1996ರಿಂದ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ, ಚಿತ್ರ-ಶಿಲ್ಪಗಳ ಸಾಲಿನಲ್ಲಿದೆ. ಜಾಗ್ವಾರ್ ಕಂಪನಿಯೇ 2008ರಲ್ಲಿ ನಮ್ಮ ಟಾಟಾದವರ ಕೈಗೆ ಬಂತು ಎನ್ನುವುದನ್ನು ಮಗ ಎದೆಯುಬ್ಬಿಸಿ ಹೇಳಿದ.

ಆದರೆ ನನಗೆ ಒಂದು ಸಂಶಯ ಉಳಿಯಿತು. ಕೆಲಸಕ್ಕೆ ಬರುವುದೆಲ್ಲ ಚೆಂದವಾದರೆ ನಮ್ಮ ಟಂಟಂ ಗಾಡಿಗೇನು ಕಡಿಮೆ? ಅದರಷ್ಟು ದುಡಿಯುವ ಗಾಡಿ ಬೇರೆ ಇಲ್ಲ. ಯಾರಾದರೂ ಅದರ ಚಿತ್ರ ಗೋಡೆಗೆ ತೂಗುಹಾಕಿದ್ದಾರೆಯೇ?

ಮರುವಾರ ಖಾನಾಪುರಕ್ಕೆ ಹೋದಾಗ ಬೇಸಿಗೆಗೆ ನೀರಿನ ಗಡಿಗೆ ತರಲೆಂದು ಕುಂಬಾರರ ಮನೆಗೆ ಹೋಗಿದ್ದೆ. ಖಾನಾಪುರದ ಮಣ್ಣು ಮಡಕೆಗೂ ಹೆಂಚಿಗೂ ಹೆಸರಾದದ್ದು, ಕುಂಬಾರಿಕೆ ಕಲಿಸುವ ಕೇಂದ್ರವೇ ಅಲ್ಲಿದೆ. ಆ ಮನೆಯ ಅಜ್ಜ ತಿಗರಿಯಿಂದ ಇಳಿಸಿದ ಹಸಿ ಗಡಿಗೆಯನ್ನು ತೊಡೆಯ ಮೇಲಿಟ್ಟು, ಒಳಗೊಂದು ಕಲ್ಲು ಹಿಡಿದು, ಹೊರಗೆ ಮರದ ಹಲಗೆಯಿಂದ ತಟ್ಟುತ್ತಿದ್ದರು. ತಟ್ಟುತ್ತ ತಟ್ಟುತ್ತ ಹೊಟ್ಟೆ ಉಬ್ಬುತ್ತದೆ. ನಡುನಡುವೆ ಗಡಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಯಾಕ್ರೀ ಅಜ್ಜಾ ಎಂದರೆ, "ಬೆಳಕ ಎಲ್ಲೂ ಎಡವಬಾರದವ್ವಾ. ಎಡವಿದಲ್ಲಿ ಗುಬಟ ಐತಿ ಅಂತ ತಿಳೀಬೇಕು" ಎಂದರು.

ಇದನ್ನು ಮಗನಿಗೆ ಹೇಳಿದರೆ ಅವನು ಕಣ್ಣರಳಿಸಿದ. ಕಾರಿನವರೂ ಮೊದಲು ಮಣ್ಣಿನಲ್ಲೇ ಕಾರು ಮಾಡುತ್ತಾರಂತೆ! ನಮ್ಮ ಕುಂಬಾರರ ಮಣ್ಣಲ್ಲ, ಮೇಣ ಬೆರೆಸಿದ ಒಂದು ಥರದ ಜೇಡಿ, ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯಲ್ಲಿ ಹಾರ್ಲೆ ಅರ್ಲ್ ಎಂಬಾತ ಇದನ್ನು ರೂಢಿಗೆ ತಂದ. ಇಂದು ಕಂಪ್ಯೂಟರ್ ಬಂದಮೇಲೂ ಎಷ್ಟೋ ಕಂಪನಿಗಳು ಕಾರಿನ ಪೂರ್ತಿ ಗಾತ್ರದ ಮಣ್ಣಿನ ಮಾದರಿ ಮಾಡಿ, ಕೈಯಿಂದ ಕೆರೆದು ನುಣುಪು ಮಾಡಿ, ಅದರ ಮೇಲೆ ಬೆಳಕು ಹೇಗೆ ಹರಿಯುತ್ತದೆಂದು ನೋಡುತ್ತಾರೆ. ಇಟಲಿಯ ಹಳಬರು ಅಲ್ಯುಮಿನಿಯಂ ತಗಡನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಮೈ ಮಾಡುತ್ತಿದ್ದರು. ಹಾಗೆ ಮಾಡಿದ ಚಿಸಿಟಾಲಿಯಾ ಎಂಬ ಕಾರನ್ನು 1951ರಲ್ಲೇ ಆ ನ್ಯೂಯಾರ್ಕಿನ ಮ್ಯೂಸಿಯಂನವರು ಪ್ರದರ್ಶನಕ್ಕೆ ಇಟ್ಟಿದ್ದರು. ಜೋಳದ ರೊಟ್ಟಿ ತಟ್ಟುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ನಡುವೆ ದಪ್ಪ ಉಳಿಯಬಾರದು, ಅಂಚು ಸೀಳಬಾರದು, ಕೈ ನಿಂತರೆ ರೊಟ್ಟಿ ಕೆಟ್ಟಿತು.

ಅಂದು ಸಂಜೆ ತಾಡಪತ್ರಿ ಸರಿಸಿ ಹೆರಾಲ್ಡನ್ನು ಮೊದಲ ಸಲ ಸರಿಯಾಗಿ ನೋಡಿದೆ. ಕಾರನ್ನು ಎದುರು ನಿಂತು ನೋಡಬಾರದು, ಸೋದರಿಯರೇ. ಹಿಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಮುಂದಿನ ದೀಪದವರೆಗೆ ಕಣ್ಣು ಹಾಯಿಸಬೇಕು. ಹುಬ್ಬಿನಿಂದ ಹೊರಟ ಗೆರೆ ಬಾಗಿಲ ಮೇಲೆ ಹಾದು, ಕೊನೆಯಲ್ಲಿ ಚಿಕ್ಕ ರೆಕ್ಕೆಯಂತೆ ಏಳುವವರೆಗೆ ಎಲ್ಲೂ ಹರಿಯುವುದಿಲ್ಲ. ಆ ಬಾಲದ ರೆಕ್ಕೆಗೆ ಕೆಲಸವೇನೂ ಇಲ್ಲ, ಅದು ಆ ಕಾಲದ ಫ್ಯಾಶನ್ನು. ಆದರೂ ಮೈಯಿಂದಲೇ ಬೆಳೆದು ಬಂದಿದೆ, ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಟಂಟಂ ಗಾಡಿಯಲ್ಲಿ ಇಲ್ಲದ್ದು ಇದೇ. ಅದರ ಒಂದೊಂದು ತಗಡೂ ತನ್ನ ಪಾಡಿಗೆ ತಾನಿದೆ. ಒಳ್ಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಇನ್ನೂ ಒಂದು ಇರುತ್ತದೆ: ಶರ್ಯತ್ತಿಗೆ ನಿಂತ ಎತ್ತನ್ನು ನೆನಪಿಸಿಕೊಳ್ಳಿ. ಇನ್ನೂ ಓಡಿಲ್ಲ, ಆದರೆ ಹಿಂದಿನ ತೊಡೆಯಲ್ಲಿ ಓಟ ಆಗಲೇ ತುಂಬಿದೆ. ಇ-ಟೈಪಿನ ಹಿಂದಿನ ಗಾಲಿಯ ಮೇಲಿನ ಉಬ್ಬು ಥೇಟ್ ಹಾಗೆಯೇ. ನಮ್ಮ ಹೆರಾಲ್ಡಿನಲ್ಲಿ ಅಷ್ಟಿಲ್ಲ, ಸುಳ್ಳು ಯಾಕೆ ಹೇಳಲಿ. ಅದು ಸಂತೆಗೆ ಹೊರಟ ಎತ್ತು.

ಮಗ ಆ ರೆಕ್ಕೆಯನ್ನು ಡಿಕ್ಕಿಯ ಮೇಲೆ ಇಟ್ಟು ಹಿಡಿದ. ನಾನು ಏನೂ ಅನ್ನಲಿಲ್ಲ, ಕುಳಿತು ನೋಡು ಎಂದಷ್ಟೇ ಹೇಳಿ ರೆಕ್ಕೆಯನ್ನು ನಾನು ಹಿಡಿದುಕೊಂಡೆ. ಅವನು ಕುಳಿತ, ನೋಡಿದ, ಎದ್ದ. ಅಂಥ ರೆಕ್ಕೆ ರೇಸಿನ ವೇಗದಲ್ಲಿ ಗಾಳಿಯ ಒತ್ತಡದಿಂದ ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತುವುದಕ್ಕೆ ಇರುವುದು ಎಂದು ಅವನೇ ಹೇಳಿದ್ದ. 948 ಸಿ.ಸಿ. ಇಂಜಿನ್ನಿನ ಈ ಮುದುಕ ನೂರು ಕಿಲೋಮೀಟರು ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಾನೆ. "ಬ್ಯಾಡ ಬಿಡು ಅವ್ವಾ, ಗೆರಿ ಕಡದಂಗ ಆಗತೈತಿ" ಎಂದ. ಆಮೇಲೆ ಬಾನೆಟ್ಟಿನ ಚಿಲಕ ತೆಗೆದು ಎತ್ತಿದ. ಹೆರಾಲ್ಡಿನಲ್ಲಿ ಮಡ್‌ಗಾರ್ಡು ಸಮೇತ ಇಡೀ ಮುಂಭಾಗವೇ ಪೆಟ್ಟಿಗೆಯ ಮುಚ್ಚಳದಂತೆ ಮುಂದಕ್ಕೆ ಮಗುಚುತ್ತದೆ. ಸ್ಪಿಟ್‌ಫೈರಿಗೂ ಹಾಗೇ, ಇ-ಟೈಪಿಗೂ ಹಾಗೇ. ಮಾವನವರು ಗಾಲಿಯ ಮೇಲೆ ಕುಳಿತು ಇಂಜಿನ್ ಒರೆಸುತ್ತಿದ್ದದ್ದು ನೆನಪಾಯಿತು. ಒಳಗೆ ಇಲಿಗಳು ಸಂಸಾರ ಹೂಡಿದ್ದವು, ಆ ಮಾತು ಬೇರೆ.

ಇನ್ನು ದುಡ್ಡಿನ ಮಾತು. ಈ ಸಲದ ಭಿಶಿ ನನಗೆ ಎದ್ದಿತ್ತು. ನಾಲ್ಕು ವರ್ಷದಿಂದ ಪಾಟಲಿ ಮಾಡಿಸಬೇಕೆಂದು ಆಸೆ ಇಟ್ಟುಕೊಂಡಿದ್ದೆ. ಆ ದುಡ್ಡನ್ನು ಹೆಂಚು, ರೀಪಿಗೆ ಕೊಟ್ಟೆ. ನಮ್ಮ ಮನೆಯವರಿಗೆ ಇದು ಪೂರ್ತಿ ಹಿಡಿಸಿಲ್ಲ. "ಚಾಲೂ ಆಗಲಾರದ ಗಾಡಿ ಸಲುವಾಗಿ ಪಾಟಲಿ ಬಿಟ್ಟಿ" ಎಂದು ಊಟಕ್ಕೆ ಕುಳಿತಾಗಲೆಲ್ಲ ಒಂದು ಸಲ ಅನ್ನುತ್ತಾರೆ. ಅವರ ಮಾತಿನಲ್ಲೂ ನ್ಯಾಯವಿದೆ. ಬಿಡಿಭಾಗ ಸಿಗುವುದು ಕಷ್ಟ, ಕಾಗದಪತ್ರ ಸರಿಮಾಡಿಸಬೇಕು. ಮೈದುನ ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ.

ಭಂಗಾರದವರು ಬಂದು ತಿರುಗಿ ಹೋದ ದಿನ ಅತ್ತೆ ತಮ್ಮದೊಂದು ಹಳೆಯ ಇಳಕಲ್ ಸೀರೆ ಹರಿದು ತಂದು, ಬಾನೆಟ್ಟಿನ ಮೇಲಿನ ಧೂಳನ್ನು ದೀಪದ ಕಡೆಯಿಂದ ಬಾಗಿಲ ಕಡೆಗೆ ಒಂದೇ ಕೈಯಲ್ಲಿ ಒರೆಸಿದರು. ಮಾವನವರು ಹಾಗೇ ಒರೆಸುತ್ತಿದ್ದರಂತೆ. ಅಂಗಡಿಯವನು ರೆಕ್ಕೆ ವಾಪಸು ತೆಗೆದುಕೊಳ್ಳಲಿಲ್ಲ. ಈಗ ಹಿತ್ತಿಲಲ್ಲಿ ಎರಡು ಇಟ್ಟಂಗಿಯ ಮೇಲೆ ಅದನ್ನಿಟ್ಟು, ಅತ್ತೆ ಸಂಡಿಗೆ ಒಣಹಾಕುತ್ತಿದ್ದಾರೆ.

ಗುಳಂಬ ಮುಂದಿನ ಸಂಚಿಕೆಗೆ ಖಂಡಿತ.