ಹಬ್ಬದ ಮೂರು ದಿನಗಳಲ್ಲಿ ನೋರಾ

ಹೆನ್ರಿಕ್ ಇಬ್ಸೆನ್ನನ ‘ಗೊಂಬೆಯ ಮನೆ’ ನಾಟಕವು 1879ರ ಡಿಸೆಂಬರ್ 4ರಂದು ಕೋಪನ್‌ಹೇಗನ್ನಿನಲ್ಲಿ ಪುಸ್ತಕವಾಗಿ ಹೊರಬಂದು, ಅದೇ ತಿಂಗಳ 21ರಂದು, ಕ್ರಿಸ್‌ಮಸ್ಸಿಗೆ ನಾಲ್ಕೇ ದಿನಗಳಿರುವಾಗ, ಅಲ್ಲಿನ ರಾಯಲ್ ಥಿಯೇಟರಿನಲ್ಲಿ ಮೊದಲ ಬಾರಿಗೆ ರಂಗವನ್ನೇರಿತು. 8,000 ಪ್ರತಿಗಳ ಮೊದಲ ಮುದ್ರಣವು ಒಂದು ತಿಂಗಳೊಳಗೆ ಮುಗಿದುಹೋದ ಈ ನಾಟಕವನ್ನು ಓದುಗಲೋಕವು ಅಂದಿನಿಂದಲೂ ಸಮಸ್ಯಾನಾಟಕವೆಂದೇ, ಎಂದರೆ ಸಮಾಜದ ಒಂದು ಜ್ವಲಂತ ಪ್ರಶ್ನೆಯನ್ನು ಮನೆಯ ನಡುಮನೆಗೆ ತಂದು ನಿಲ್ಲಿಸುವ ಕೃತಿಯೆಂದೇ ಗುರುತಿಸಿದೆ; ಕೈಲಾಸಂ, ಶ್ರೀರಂಗರ ಚರ್ಚೆ ಬಂದಾಗಲೆಲ್ಲ ಇಬ್ಸೆನ್ನನ ಹೆಸರನ್ನು ನೆನೆಯುವ ಕನ್ನಡ ವಿಮರ್ಶೆಯೂ ಈ ಮಾತಿಗೆ ಹೊರತಲ್ಲ. ಈ ಗುರುತಿನ ಭರದಲ್ಲಿ ಇದು ಅಡಿಯಿಂದ ಮುಡಿಯವರೆಗೆ ಹಬ್ಬದ ನಾಟಕವೆಂಬುದು ಮರೆತುಹೋಗುತ್ತದೆ. ಮೊದಲ ಅಂಕ ನಡೆಯುವುದು ಕ್ರಿಸ್‌ಮಸ್ಸಿನ ಹಿಂದಿನ ದಿನ, ಎರಡನೆಯದು ಹಬ್ಬದ ದಿನ, ಮೂರನೆಯದು ಮರುದಿನದ ರಾತ್ರಿ, ಮೇಲಿನ ಮಹಡಿಯಲ್ಲಿ ವೇಷದ ಕೂಟ ನಡೆಯುತ್ತಿರುವಾಗ. ಪಾತ್ರಗಳು ಯಾವ ಸುದ್ದಿಗೆ ಹೇಗೆ ಪ್ರತಿಕ್ರಿಯಿಸುತ್ತವೆಯೆಂಬುದು ಈ ಹಬ್ಬದ ಆವರಣವನ್ನು ಬಿಟ್ಟರೆ ಪೂರ್ತಿಯಾಗಿ ಅರ್ಥವಾಗುವುದಿಲ್ಲ.

ನಾಟಕ ನಡೆಯುವ ನಾರ್ವೆಯ ಮನೆಗಳಲ್ಲಿ ಹಬ್ಬದ ಮುಖ್ಯ ಆಚರಣೆಯು 24ರ ಸಂಜೆ ನಡೆಯುತ್ತದೆ. ನಾಟಕದ ನಾಯಕಿ ನೋರಾ ರಂಗಕ್ಕೆ ಬಂದೊಡನೆ ಕೆಲಸದವಳಿಗೆ ಹೇಳುವ ಮೊದಲ ಮಾತೇ ಕ್ರಿಸ್‌ಮಸ್ ಮರವನ್ನು ಬಚ್ಚಿಡಬೇಕೆಂಬುದು. ಸಂಜೆ ಅದು ಸಿಂಗಾರಗೊಂಡು ನಿಲ್ಲುವವರೆಗೆ ಮಕ್ಕಳ ಕಣ್ಣಿಗೆ ಬೀಳಬಾರದು. ನಾಟಕದ ಎಲ್ಲ ಬಚ್ಚಿಡುವಿಕೆಯೂ ಈ ಒಂದು ನಿರಪಾಯ ಗುಟ್ಟಿನಿಂದ ಆರಂಭವಾಗುತ್ತದೆ. ಮುಂದೆ ಆಕೆ ತಿಂದ ಮೆಕರೂನ್ ಬಿಸ್ಕತ್ತುಗಳನ್ನು ಗಂಡನಿಂದ ಬಚ್ಚಿಡುತ್ತಾಳೆ, ಆಮೇಲೆ ಸಾಲವನ್ನು, ಕೊನೆಗೆ ಸಾಯುವ ಆಲೋಚನೆಯನ್ನೂ.

ಇಲ್ಲಿ ಗಂಡ ಟೋರ್ವಾಲ್ಡ್ ಹೆಲ್ಮರ್ ನೆನಪಿಸಿಕೊಳ್ಳುವ ಹಿಂದಿನ ವರ್ಷದ ಸಂಗತಿಯೊಂದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಆ ಹಬ್ಬಕ್ಕೆ ಮುನ್ನ ಮೂರು ವಾರ ನೋರಾ ಪ್ರತಿ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು, ನಡುರಾತ್ರಿ ಮೀರುವವರೆಗೂ ಮರಕ್ಕೆ ಕಾಗದದ ಹೂವುಗಳನ್ನು ಮಾಡುತ್ತಿದ್ದಳೆಂದು ಆತ ತಿಳಿದಿದ್ದಾನೆ. ತನಗೆ ಅಷ್ಟು ಬೇಸರದ ದಿನಗಳು ಬೇರೆ ಇರಲಿಲ್ಲವೆಂದೂ ಹೇಳುತ್ತಾನೆ. ಮಾಡಿದ್ದೆಲ್ಲವನ್ನೂ ಬೆಕ್ಕು ಹರಿದುಹಾಕಿತೆಂದು ನೋರಾ ನೆಪ ಹೇಳುತ್ತಾಳೆ. ವಾಸ್ತವವಾಗಿ ಆಕೆ ಬಾಗಿಲ ಹಿಂದೆ ಕುಳಿತು ಹಣಕ್ಕಾಗಿ ಬರಹದ ನಕಲು ತೆಗೆಯುವ ಕೆಲಸ ಮಾಡುತ್ತಿದ್ದಳು. ಗಂಡನ ಪ್ರಾಣ ಉಳಿಸಲು ಇಟಲಿಯ ಪ್ರವಾಸ ಅಗತ್ಯವೆಂದು ವೈದ್ಯರು ಹೇಳಿದಾಗ ಆಕೆ ಗುಟ್ಟಾಗಿ ಪಡೆದ 1,200 ಸ್ಪೆಸಿಡಾಲರ್, ಎಂದರೆ 4,800 ಕ್ರೋನರ್ ಸಾಲದ ಕಂತು ತೀರಬೇಕಿತ್ತು. ಗಂಡನ ಒಪ್ಪಿಗೆಯಿಲ್ಲದೆ ವಿವಾಹಿತ ಹೆಂಗಸು ಸಾಲ ಪಡೆಯುವಂತಿಲ್ಲವೆಂಬುದು ಅಂದಿನ ನಿಯಮವಾದ್ದರಿಂದ ಆ ದುಡಿಮೆಯೂ ಗುಟ್ಟಾಗಿಯೇ ನಡೆಯಬೇಕಿತ್ತು. ಹೀಗೆ ದುಡಿಯುವಾಗ ತಾನು ಗಂಡಸೇ ಆದಂತೆ ಅನಿಸುತ್ತಿತ್ತೆಂದು ಆಕೆ ಗೆಳತಿಯ ಮುಂದೆ ಸಂಭ್ರಮದಿಂದ ಹೇಳಿಕೊಳ್ಳುತ್ತಾಳೆ. ಮೂರನೆಯ ಅಂಕದ ನೋರಾ ಮೊದಲ ಅಂಕದವಳಲ್ಲ, ಗುಬ್ಬಿಯಂತೆ ಚಿಲಿಪಿಲಿಗುಟ್ಟುತ್ತಿದ್ದವಳು ಒಂದೇ ರಾತ್ರಿಯಲ್ಲಿ ವಿಚಾರವಾದಿಯಾಗುವುದು ನಂಬಲರ್ಹವಲ್ಲವೆಂಬ ಹಳೆಯ ಆಕ್ಷೇಪಕ್ಕೆ ಈ ಮೂರು ವಾರಗಳೇ ತಕ್ಕ ಉತ್ತರವಾಗಿವೆ. ಹೂವು ಮಾಡುತ್ತಿರುವಂತೆ ಕಾಣಿಸಿಕೊಂಡು ಒಳಗೆ ಸಾಲ ತೀರಿಸುತ್ತಿದ್ದ ಹೆಂಗಸು ತೆರೆ ಏಳುವ ಮೊದಲೇ ಇದ್ದಳು; ಹಬ್ಬವು ಅವಳಿಗೆ ಮರೆಯಾಗಿ ಒದಗಿತ್ತು.

ಸಾಲ ಕೊಟ್ಟ ಕ್ರೋಗ್‌ಸ್ಟಾಡ್ ಮನೆಗೆ ಬಂದು, ಜಾಮೀನಿಗೆಂದು ಹಾಕಿಸಿದ ಆಕೆಯ ತಂದೆಯ ಸಹಿಯ ಕೆಳಗೆ ಅಕ್ಟೋಬರ್ 2 ಎಂಬ ತಾರೀಖಿದ್ದರೂ ತಂದೆ ಸೆಪ್ಟೆಂಬರ್ 29ರಂದೇ ತೀರಿಕೊಂಡಿದ್ದನೆಂಬುದನ್ನು ಎತ್ತಿತೋರಿಸಿದಾಗ, ನೋರಾ ಅಳುವುದಿಲ್ಲ, ಕಾಲಿಗೆ ಬೀಳುವುದಿಲ್ಲ. ಸಹಿ ಹಾಕಿದವಳು ತಾನೇ ಎಂದು ನೇರವಾಗಿ ಒಪ್ಪಿಕೊಳ್ಳುತ್ತಾಳೆ. ಆತ ಹೋದ ಮೇಲೆ ಮರದ ಬಳಿಗೆ ಹೋಗಿ ಮೇಣದ ಬತ್ತಿಗಳನ್ನೂ ಹೂವುಗಳನ್ನೂ ಕಟ್ಟತೊಡಗುತ್ತಾಳೆ. ಭಯವು ನಾಲಿಗೆಯಲ್ಲಿ ತೋರದೆ ಕೈಯಲ್ಲಿ ತೋರುವುದು ಈ ಪಾತ್ರದ ಲಕ್ಷಣ. ಎರಡನೆಯ ಅಂಕದ ರಂಗಸೂಚನೆಯು, ಎಂದರೆ ನಟರಿಗೂ ನಿರ್ದೇಶಕರಿಗೂ ನಾಟಕಕಾರ ಬರೆದ ಸೂಚನೆಯು, ಅದೇ ಮರವನ್ನು ಸಿಂಗಾರ ಕಳಚಿದ, ಸುಟ್ಟುಳಿದ ಬತ್ತಿಗಳ ಸ್ಥಿತಿಯಲ್ಲಿ ಮೂಲೆಯಲ್ಲಿ ನಿಲ್ಲಿಸುತ್ತದೆ. ಅದೇ ಅಂಕದ ಕೊನೆಯಲ್ಲಿ, ಬೀಗ ಹಾಕಿದ ಟಪಾಲು ಪೆಟ್ಟಿಗೆಯೊಳಗೆ ಸಾಲದ, ಸಹಿಯ ಗುಟ್ಟನ್ನು ಗಂಡನಿಗೆ ತಿಳಿಸುವ ಕ್ರೋಗ್‌ಸ್ಟಾಡನ ಪತ್ರ ಬಿದ್ದಿದ್ದು ಕೀಲಿಕೈ ಗಂಡನೊಬ್ಬನ ಬಳಿಯೇ ಇರುವಾಗ, ಆಕೆ ಮರುದಿನದ ಕೂಟಕ್ಕೆಂದು ಕಲಿಯಬೇಕಾದ ಟರಾಂಟೆಲ್ಲಾ ಎಂಬ ದಕ್ಷಿಣ ಇಟಲಿಯ ಬಿರುಸಿನ ಕುಣಿತವನ್ನು ಹುಚ್ಚೆದ್ದವಳಂತೆ ಕುಣಿದು ಅವನನ್ನು ಪೆಟ್ಟಿಗೆಯಿಂದ ದೂರವಿಡುತ್ತಾಳೆ. ಆ ಕುಣಿತವು ಜೇಡದ ವಿಷ ಇಳಿಸುತ್ತದೆಂಬುದು ಆ ನಾಡಿನ ಜನರ ಹಿಂದಿನ ನಂಬಿಕೆಯಾಗಿತ್ತು. ಕುಣಿತ ಮುಗಿದ ಮೇಲೆ ಆಕೆ ತನಗೆ ಇನ್ನು 31 ಗಂಟೆಗಳ ಆಯುಷ್ಯವಿದೆಯೆಂದು ಲೆಕ್ಕ ಹಾಕುತ್ತಾಳೆ.

ಹೆಲ್ಮರನ ಪ್ರತಿಕ್ರಿಯೆಗಳು ಎರಡು. ಪತ್ರ ಓದಿದೊಡನೆ ಆತ ಹೆಂಡತಿಯನ್ನು ಸುಳ್ಳುಗಾತಿ, ಅಪರಾಧಿ ಎಂದು ಜರಿದು, ಮಕ್ಕಳನ್ನು ಬೆಳೆಸಲು ಅನರ್ಹಳೆಂದು ಸಾರಿ, ಲೋಕದ ಕಣ್ಣಿಗೆ ಮಾತ್ರ ಸಂಸಾರ ಮೊದಲಿನಂತೆಯೇ ಇರಬೇಕೆಂದು ವಿಧಿಸುತ್ತಾನೆ. ಸಾಲಪತ್ರ ಮರಳಿ ಬಂದೊಡನೆ ತಾನು ಉಳಿದೆನೆಂದು ಹಿಗ್ಗುತ್ತಾನೆ. ತನ್ನ ಗತಿಯೇನೆಂದು ನೋರಾ ಕೇಳಿದ ಮೇಲಷ್ಟೇ ಆಕೆಯೂ ಉಳಿದಳೆಂಬುದು ಅವನ ಬಾಯಿಗೆ ಬರುತ್ತದೆ. ಓದುಗರ ಸಿಟ್ಟು ಸಾಮಾನ್ಯವಾಗಿ ಮೊದಲನೆಯ ಪ್ರತಿಕ್ರಿಯೆಯ ಮೇಲೆ ತಿರುಗುತ್ತದೆ. ಹೆಚ್ಚು ಘೋರವಾದುದು ಎರಡನೆಯದು. ಮೊದಲನೆಯದರಲ್ಲಿ ಕೆಲಸವೂ ಮಾನವೂ ಹೋದೀತೆಂಬ ದಿಗಿಲಿನ ಕುರುಡಾದರೂ ಇತ್ತು. ಎರಡನೆಯದರಲ್ಲಿ ಆತ ನೆಮ್ಮದಿಯಿಂದ, ಪ್ರೀತಿಯಿಂದ, ಕ್ಷಮಿಸಿದ ಹೆಂಡತಿ ಗಂಡನಿಗೆ ಇಮ್ಮಡಿ ಸ್ವತ್ತಾಗಿ, ಹೆಂಡತಿಯೂ ಮಗುವೂ ಆಗುತ್ತಾಳೆಂದು ವಿವರಿಸುತ್ತಾನೆ. ನೋರಾ ಕಾಯುತ್ತಿದ್ದ ಪವಾಡವೆಂದರೆ ಆತ ಮುಂದೆ ನಿಂತು ತಪ್ಪನ್ನೆಲ್ಲ ತನ್ನ ತಲೆಯ ಮೇಲೆ ಹೊತ್ತುಕೊಳ್ಳುವುದು. ಅದು ನಡೆಯಲಿಲ್ಲವೆಂಬುದಕ್ಕಿಂತ, ನಡೆಯಬೇಕಿತ್ತೆಂಬ ಅರಿವೇ ಆತನಲ್ಲಿಲ್ಲವೆಂಬುದು ಆಕೆಗೆ ಈ ಸವಿಮಾತುಗಳಲ್ಲಿ ತಿಳಿಯುತ್ತದೆ. ಆತ ಕ್ಷಮೆಯ ಮಾತಾಡುತ್ತಿರುವಾಗಲೇ ಆಕೆ ಒಳಗೆ ಹೋಗಿ ಕೂಟದ ವೇಷವನ್ನು ತೆಗೆದು ದಿನನಿತ್ಯದ ಉಡುಪು ತೊಟ್ಟು ಬರುತ್ತಾಳೆ, ಮತ್ತು ಎಂಟು ವರ್ಷದ ದಾಂಪತ್ಯದಲ್ಲಿ ಮೊದಲ ಸಲ ಇಬ್ಬರೂ ಎದುರುಬದುರು ಕುಳಿತು ಗಂಭೀರವಾಗಿ ಮಾತಾಡುತ್ತಾರೆ.

ಗೆಳತಿ ಶ್ರೀಮತಿ ಲಿಂಡೆ ಮನಸ್ಸು ಮಾಡಿದ್ದರೆ ಆ ಪತ್ರವನ್ನು ಮರಳಿ ಪಡೆಯುವಂತೆ ಕ್ರೋಗ್‌ಸ್ಟಾಡನಿಗೆ ಹೇಳಬಹುದಿತ್ತು. ಆತನೇ ಸಿದ್ಧನಿದ್ದಾಗಲೂ ಬೇಡವೆನ್ನುತ್ತಾಳೆ. ಇದನ್ನು ಗೆಳತನದ ದ್ರೋಹವೆಂದು ಕಾಣುವವರಿದ್ದಾರೆ. ಆದರೆ ತಾಯಿ, ತಮ್ಮಂದಿರಿಗಾಗಿ ಪ್ರೀತಿಯಿಲ್ಲದ ಮದುವೆಯಾಗಿ ವಿಧವೆಯಾದ ಆಕೆಗೆ, ಮುಚ್ಚುಮರೆಯ ಸಂಸಾರದ ಬೆಲೆ ಚೆನ್ನಾಗಿ ಗೊತ್ತು. ಹಬ್ಬದ ಸಡಗರದಲ್ಲಿ ಪಾಲಿಲ್ಲದ ಈ ಹೆಂಗಸೇ ನಾಟಕದ ದಿಕ್ಕನ್ನು ನಿರ್ಧರಿಸುತ್ತಾಳೆ.

ಕೊನೆಯಲ್ಲಿ ಗಂಡನನ್ನೂ ಮಕ್ಕಳನ್ನೂ ಬಿಟ್ಟು ಮನೆಯಿಂದ ಹೊರಡುವ ನೋರಾಳ ನಿರ್ಗಮನವನ್ನು ಸಹಿಸದ ಜರ್ಮನ್ ನಟಿ ಹೆಡ್ವಿಗ್ ನೀಮನ್-ರಾಬೆ ಆ ಅಂತ್ಯವನ್ನು ಆಡಲು ಒಪ್ಪದಿದ್ದಾಗ, ಬೇರೆಯವರು ತಿದ್ದುವುದಕ್ಕಿಂತ ತಾನೇ ತಿದ್ದುವುದು ಲೇಸೆಂದು 1880ರಲ್ಲಿ ಇಬ್ಸೆನ್ ಬದಲಿ ಅಂತ್ಯವೊಂದನ್ನು ಬರೆದುಕೊಟ್ಟನು. ಅದು ನಾಟಕದ ಮೇಲಿನ ಅನಾಗರಿಕ ಹಿಂಸೆಯೆಂದು ಕರೆದವನೂ ಆತನೇ. ಅದರಲ್ಲಿ ಹೆಲ್ಮರ್ ಆಕೆಯನ್ನು ಮಲಗಿರುವ ಮಕ್ಕಳ ಕೋಣೆಯ ಬಾಗಿಲಿಗೆ ಕರೆದೊಯ್ಯುತ್ತಾನೆ, ಆಕೆ ಅಲ್ಲೇ ಕುಸಿಯುತ್ತಾಳೆ. ಇದರ ದೋಷವು ತಾಯ್ತನದ ಮಾತಿನಲ್ಲಿಲ್ಲ; ತಾಯ್ತನದ ಪ್ರಶ್ನೆಯನ್ನು ನಾಟಕ ಮೊದಲೇ ಎತ್ತಿಯಾಗಿದೆಯೆಂಬುದನ್ನು ಅದು ಮರೆಯುತ್ತದೆ. ಎರಡನೆಯ ಅಂಕದಲ್ಲಿ ನೋರಾ ತನ್ನನ್ನು ಸಾಕಿದ ದಾದಿ ಆನ್ ಮೇರಿಯನ್ನು, ಹೆತ್ತ ಮಗುವನ್ನು ಪರರ ಕೈಗೊಪ್ಪಿಸಿ ಬರಲು ಮನಸ್ಸು ಹೇಗೆ ಬಂತೆಂದು ಕೇಳಿದಾಗ, ಆ ಬಡವಿ ಅನ್ನದ ದಾರಿ ಬೇರೆಯಿರಲಿಲ್ಲವೆಂಬ ಅರ್ಥದ ಉತ್ತರ ಕೊಟ್ಟಿದ್ದಳು. ಹೊಟ್ಟೆಪಾಡಿಗಾಗಿ ಮಗುವನ್ನು ಬಿಟ್ಟು ಬಂದ ದಾದಿಯ ವಿಷಯದಲ್ಲಿ ಯಾವ ಪ್ರೇಕ್ಷಕನೂ ತಿದ್ದುಪಡಿ ಕೇಳಲಿಲ್ಲ.