ಬೇಲಿಗೆ ಕವಳಿ ಇರಲಿ

ತಂತಿಬೇಲಿಗೆ ಸಾಲ ಮಾಡುವವರನ್ನು ಕಂಡರೆ ನನಗೆ ಬೇಸರ. ಖುಷ್ಕಿ ಹೊಲಕ್ಕೆ ಕವಳಿಯಂಥ ಬೇಲಿ ಇನ್ನೊಂದಿಲ್ಲ. ವರ್ಷವಿಡೀ ಹಸಿರು, ಜೋಡಿ ಮುಳ್ಳು, ದನ ನುಗ್ಗೋದಿಲ್ಲ. ಆದರೆ ಹಚ್ಚಿ ಮರೆತರೆ ಬರೋದಿಲ್ಲ.

ಮೊದಲ ಸಲ ನಾನು ಬೀಜ ಒಣಗಿಸಿ ಮುಂದಿನ ಮಳೆಗಾಲಕ್ಕೆಂದು ಇಟ್ಟೆ. ಒಂದೂ ಮೊಳೆಯಲಿಲ್ಲ, ವರ್ಷ ಹೋಯಿತು. ಹಣ್ಣಿಂದ ತೆಗೆದ ಬೀಜ ತೊಳೆದು ಕೂಡಲೇ ಚೀಲಕ್ಕೆ ಹಾಕಬೇಕು. ಮುಂದಿನ ಮುಂಗಾರಿಗೆ ಸಸಿಯನ್ನು 2 ಅಡಿಗೊಂದರಂತೆ ನೆಡಿ. 2 ಬೇಸಿಗೆ ವಾರಕ್ಕೊಮ್ಮೆ ತಂಬಿಗೆ ನೀರು ಹಾಕಿ, ಆಡು ಮುಟ್ಟದಂತೆ ಕಾಯ್ದರೆ ಆಮೇಲೆ ಅದರ ಪಾಡಿಗೆ ಅದು.

ಹೂ ಬಿಡೋದು ಟೊಂಗೆಯ ತುದಿಗೆ. ಸದಾ ಸವರುತ್ತಿದ್ದರೆ ಬೇಲಿ ದಟ್ಟವಾಗುತ್ತದೆ, ಕಾಯಿ ಸಿಗೋದಿಲ್ಲ. ನಾನು ದಾರಿ ಬದಿ ಸವರಿ, ಹೊಲದ ಬದಿ ಬಿಟ್ಟಿದ್ದೇನೆ. ಕಾಯಿ ಉಪ್ಪಿನಕಾಯಿಗೆ ಹೋಗುತ್ತದೆ. ಬೇಲಿ ಮಗ್ಗುಲಿನ ಜೋಳ ಸೊರಗಿತು ಅಂತ ಮನೆಯವಳ ತಕರಾರು. ಅದೂ ನಿಜವೇ.