ನಾವೂ ಅಲೆಗೆ ಕಾಲೊಡ್ಡೋಣ

ಮಕ್ಕಳ ಪರೀಕ್ಷೆ ಮುಗಿಯುವ ಮೊದಲೇ ನಿಮ್ಮ ಮನೆಯಲ್ಲೂ "ಈ ಸಲ ಸಮುದ್ರಕ್ಕೆ ಹೋಗೋಣ" ಎಂಬ ಗಲಾಟೆ ಶುರುವಾಗಿರಬೇಕು, ಅಲ್ಲವೇ? ಹೋಗಿ ಬನ್ನಿ, ಸಂತೋಷ. ಆದರೆ ಹೊರಡುವ ಮುಂಚೆ ನನ್ನ ಕಥೆಯನ್ನಿಷ್ಟು ಕೇಳಿ.

ಕೆಲವು ವರ್ಷಗಳ ಹಿಂದೆ ನಾವು ದಾವಣಗೆರೆಯಿಂದ ಉಡುಪಿಗೆ ಹೋಗಿದ್ದೆವು. ಬೆಳಿಗ್ಗೆ ಕೃಷ್ಣನ ದರ್ಶನ, ಆಮೇಲೆ ಹತ್ತಿರದ ಮಲ್ಪೆ. ಎಲ್ಲರೂ ಕೇಕೆ ಹಾಕುತ್ತ ನೀರಿಗಿಳಿದರು. ನಾನೋ, ಆರು ಜೊತೆ ಚಪ್ಪಲಿ, ನಾಲ್ಕು ಚೀಲ, ಊಟದ ಡಬ್ಬಿ ಕಾಯುತ್ತ ಮರಳಲ್ಲಿ ಕೂತೆ. ಸಂಜೆ ಹೊರಟಾಗ ಚಿಕ್ಕ ಮಗಳು, "ಅಮ್ಮಾ, ನಿನ್ನ ಸೀರೆ ಒದ್ದೆನೇ ಆಗಿಲ್ವಲ್ಲ!" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಘಾಟಿ ಹತ್ತುವಾಗ ಯಾಕೋ ಕಣ್ಣು ತುಂಬಿತು. ಅಷ್ಟು ದೂರ ಹೋಗಿ, ಸಮುದ್ರ ಮುಟ್ಟದೇ ಬಂದಿದ್ದೆ!

ಅದನ್ನು ಗಮನಿಸಿದವರು ನಮ್ಮತ್ತೆ. ಮುಂದಿನ ಸಲ ಹೋದಾಗ, "ನೀನು ಹೋಗಮ್ಮ, ಚೀಲ ನಾನು ನೋಡ್ಕೋತೀನಿ. ಆಮೇಲೆ ಅವನು ಕೂತ್ಕೊಳ್ಲಿ, ನನ್ನ ಕೈ ಹಿಡ್ಕೊಂಡು ನೀನೇ ಕರ್ಕೊಂಡು ಹೋಗು" ಅಂದರು. ಅಂದಿನಿಂದ ನಮ್ಮಲ್ಲಿ ಚೀಲ ಕಾಯುವುದಕ್ಕೆ ಸರದಿ. ಯಜಮಾನರಿಗೂ ವಿನಾಯಿತಿ ಇಲ್ಲ!

ಒಂದು ದಿನಕ್ಕೆ ಹೀಗೆ ಹೊಂದಿಸಿಕೊಳ್ಳಿ. ಬೆಳಿಗ್ಗೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪ. ಎಂಟು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಲಾವಾರಸ ಆರಿ ಗಟ್ಟಿಯಾದ ಕಂಬದಂಥ ಕಲ್ಲುಗಳು ಅಲ್ಲಿವೆ. ಜೋಡಿಸಿಟ್ಟ ಸೌದೆಯ ಹಾಗೆ ಕಾಣುತ್ತವೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ನೆನಪಿರಲಿ. ಬೇಸಿಗೆಯಾದರೆ ಹನ್ನೊಂದರಿಂದ ಮೂರರವರೆಗೆ ನೆರಳು ಹಿಡಿಯಿರಿ. ಸೆಖೆಗೆ ಎಳನೀರಿಗಿಂತ ಮದ್ದಿಲ್ಲ. ಸಂಜೆ ಕಾಪು. ಬಂಡೆಯ ಮೇಲೆ 1901ರ ದೀಪಸ್ತಂಭ, ಅದರ ಹಿಂದೆ ಸೂರ್ಯಾಸ್ತ. ಇನ್ನೊಂದು ದಿನ ಸಿಕ್ಕರೆ ಮರವಂತೆಗೆ ಹೋಗಿ. ರಸ್ತೆಯ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಿಗೆ ಕಡಲು!

ಬುತ್ತಿಗೆ ಪುಳಿಯೋಗರೆ, ಚಪಾತಿ ಸಾಕು. ಮೊಸರನ್ನ ಬೇಕೆಂದರೆ, ಅನ್ನಕ್ಕೆ ಉಗುರುಬೆಚ್ಚಗಿನ ಹಾಲು ಹಾಕಿ, ಒಂದೇ ಚಮಚ ಮೊಸರು ಕಲಸಿ ಒಯ್ಯಿರಿ. ಮಧ್ಯಾಹ್ನದ ಹೊತ್ತಿಗೆ ಹದವಾಗಿರುತ್ತದೆ, ಹುಳಿಯಾಗದು.

ಇನ್ನು ಮುಖ್ಯ ಮಾತು. ಒದ್ದೆಯಾದ ಸೀರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳೂ ಜಾರುತ್ತದೆ. ಆದ್ದರಿಂದ ನೀರಿಗಿಳಿಯುವವರು ಹತ್ತಿಯ ಚೂಡಿದಾರ್ ಹಾಕಿಕೊಳ್ಳಿ. ಸೀರೆಯೇ ಆದರೆ ನೆರಿಗೆ ಎತ್ತಿ ಸಿಕ್ಕಿಸಿ, ಪಾದ ತೋಯುವಷ್ಟಕ್ಕೇ ನಿಲ್ಲಿ. ಮಕ್ಕಳ ಕೈ ಬಿಡಬೇಡಿ. "ದೊಡ್ಡವನು ನೋಡ್ಕೋತಾನೆ" ಎಂದು ಚಿಕ್ಕವರನ್ನು ಒಪ್ಪಿಸಬೇಡಿ. ಕೆಂಪು ಬಾವುಟವಿದ್ದರೆ, ಜೀವರಕ್ಷಕರು ಬೇಡವೆಂದರೆ, ಅಲ್ಲಿಗೆ ಮುಗಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರವನ್ನು ದಡದಿಂದಲೇ ನೋಡಿ ಕೈಮುಗಿಯಿರಿ.

ಇಷ್ಟು ಎಚ್ಚರ ಸಾಕು. ಬಟ್ಟೆಗೆ ಮರಳು ಹತ್ತಿತೆಂದು ಚಿಂತೆ ಬೇಡ, ಒಣಗಿದ ಮೇಲೆ ಕೊಡವಿದರೆ ಉದುರುತ್ತದೆ. ಆದರೆ ಕಾಲು ನೆನೆಸದೆ ಬಂದ ಬೇಸರ ಅಷ್ಟು ಸುಲಭಕ್ಕೆ ಉದುರುವುದಿಲ್ಲ. ಈ ಸಲ ಚೀಲ ಯಾರ ಕೈಗೆ ಕೊಡುತ್ತೀರಿ, ಈಗಲೇ ಹೇಳಿಬಿಡಿ!